ಎದೆಯಲ್ಲಿ ನಿಂತ ತುತ್ತು

ಲಿಫ್ಟ್ ರಿಪೇರಿಯವರ ನಡುವೆ ಅವನನ್ನು ಎಲ್ಲರೂ ಎರಡಾಳು ಎಂದೇ ಕರೆಯುತ್ತಿದ್ದರು. ಲಿಫ್ಟಿನ ಒಳಗೆ ಇಷ್ಟು ಮಂದಿ ಮಾತ್ರ ಎಂದು ತಗಡಿನ ಮೇಲೆ ಬರೆದಿರುತ್ತದಲ್ಲ, ಆ ಲೆಕ್ಕದಲ್ಲಿ ಇವನೊಬ್ಬನೇ ಇಬ್ಬರಿಗೆ ಸಮ ಎಂದು ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡಿತ್ತು. ಅವನೂ ಮುಖ ಗಂಟು ಹಾಕಿಕೊಂಡವನಲ್ಲ. ಹೊಸ ಲಿಫ್ಟಿಗೆ ಭಾರ ಹೇರಿ ನೋಡಬೇಕಾದಾಗ, ಮರಳಿನ ಮೂಟೆ ಯಾಕೆ ಹೊರುತ್ತೀರಿ, ನಾನಿಲ್ಲವೇ ಎಂದು ತಾನೇ ಒಳಗೆ ಹೋಗಿ ನಿಲ್ಲುತ್ತಿದ್ದ.

ಆ ನಗು ನಿಂತದ್ದು ಮೋಟರ್ ರೂಮಿಗೆ ಹತ್ತುವ ಕಿಂಡಿಯಲ್ಲಿ ಅವನು ಸಿಕ್ಕಿಬಿದ್ದ ದಿನ. ಹಳೆಯ ಕಟ್ಟಡ, ಕಬ್ಬಿಣದ ಏಣಿ, ಏಣಿಯ ತುದಿಗೆ ಚೌಕದ ಕಿಂಡಿ. ಎದೆಯವರೆಗೆ ಹೋದವನು ಹೊಟ್ಟೆಯ ಹತ್ತಿರ ನಿಂತುಬಿಟ್ಟ. ಅವನ ಜೊತೆ ಕೆಲಸ ಮಾಡುವವನು ಹೆಂಡತಿಯ ತಮ್ಮನೇ. ಬಾಮೈದ ಕೆಳಗಿನಿಂದ ಹೆಗಲು ಕೊಟ್ಟು ತಳ್ಳಿದ, ಆಮೇಲೆ ಕಾಲು ಹಿಡಿದು ಜಗ್ಗಿದ. ಕೊನೆಗೆ ಲಿಫ್ಟ್ ಜಾರುವ ಕಂಬಿಗೆ ಹಚ್ಚುವ ಗ್ರೀಸನ್ನೇ ಕಿಂಡಿಯ ಅಂಚಿಗೆ ಬಳಿದು ಭಾವನನ್ನು ಇಳಿಸಿಕೊಂಡ. ಸುದ್ದಿ ಕಂಪನಿಗೆ ಹೋಯಿತು. ತೂಕ ಇಳಿಸು, ಇಲ್ಲವೆಂದರೆ ಏಣಿ ಹತ್ತುವ ಕೆಲಸ ಬಿಡು ಎಂದು ಸೂಪರ್‌ವೈಸರ್ ಹೇಳಿದ. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಮಂಡಿ ಸವೆದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಥ್ಯ, ನಡಿಗೆ, ಪುಡಿ, ಮಾತ್ರೆ ಎಲ್ಲ ಆಗಿತ್ತು. ಹೋದ ತೂಕ ಪ್ರತಿ ಸಲವೂ ನೆಂಟರನ್ನು ಕರೆದುಕೊಂಡು ವಾಪಸ್ಸು ಬರುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳಬಹುದು ಎಂದರು.

ಹೆಂಡತಿಗೆ ಇಷ್ಟವಿರಲಿಲ್ಲ. ಅವಳು ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು. ಒಮ್ಮೆ ಸುಟ್ಟ ಕಾಲರು ಎಷ್ಟು ನೀರು ಚಿಮುಕಿಸಿದರೂ ಸರಿಹೋಗದು ಎಂದು ದಿನವೂ ನೋಡುವವಳು. ಕೊಯ್ದದ್ದನ್ನು ಮತ್ತೆ ಮೊದಲಿನ ಹಾಗೆ ಮಾಡುವುದಕ್ಕಾಗುತ್ತದಾ ಎಂದು ಕೇಳಿದಳು. ಅವನು ಹಟ ಹಿಡಿದ. ನನ್ನ ಹೊಟ್ಟೆ, ನನ್ನ ಜೀವ, ನೀನು ಸುಮ್ಮನಿರು ಎಂದುಬಿಟ್ಟ. ಆಡಿದ ಆ ಮಾತು ಮುಂದೆ ಅವನ ಬಾಯಿಗೇ ಬೀಗ ಹಾಕಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ದೊಡ್ಡ ಹೊಟ್ಟೆಯನ್ನು ಬದಿಗೆ ಬಿಟ್ಟು, ಮೇಲಿನ ತುದಿಯಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಉಳಿಸಿ, ಅದಕ್ಕೆ ಕರುಳನ್ನು ತಂದು ಹೊಲಿದಿದ್ದರು. ಮೊದಲು ನೀರು, ಆಮೇಲೆ ತಿಳಿ ಸೂಪು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು ಎಂದು ಆಸ್ಪತ್ರೆಯಲ್ಲಿ ಊಟದ ಕ್ರಮ ಹೇಳಿಕೊಡುವ ಮೇಡಂ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ್ದರು. ಬ್ರೆಡ್ಡು, ಬನ್ನು ಮಾತ್ರ ನಾನು ಹೇಳುವ ತನಕ ಮುಟ್ಟಬೇಡಿ, ಒಳಗೆ ಹೋಗಿ ಹಿಟ್ಟಿನ ಉಂಡೆಯಾಗಿ ಕೂತುಬಿಡುತ್ತದೆ ಎಂದಿದ್ದರು. ಏನಾದರೂ ಎದೆಯಲ್ಲಿ ನಿಂತರೆ, ಪದೇ ಪದೇ ವಾಂತಿಯಾದರೆ, ಅದೇ ದಿನ ಫೋನ್ ಮಾಡಿ ಎಂದೂ ಹೇಳಿದ್ದರು. ಅವನು ತಲೆಯಾಡಿಸಿದ್ದ.

ಆದರೆ ಅವನ ತಲೆಯೊಳಗೆ ಕೂತದ್ದು ಬೇರೆ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಮನುಷ್ಯನಿಗೆ ಒಳಗಿನ ಹೊಲಿಗೆ ಬಿಟ್ಟುಕೊಂಡು ಎರಡನೆಯ ಸಲ ಹೊಟ್ಟೆ ತೆರೆದಿದ್ದರು. ಹಸಿರು ಪರದೆಯ ಆಚೆ ಅವನು ನರಳುತ್ತಿದ್ದ. ಅದು ಕೂಗಲ್ಲ, ಮೋಟರಿನ ಬೇರಿಂಗ್ ಸವೆದಾಗ ಬರುತ್ತದಲ್ಲ, ಅಂಥ ಒಂದೇ ಸಮನೆ ಸದ್ದು. ಪರದೆಯ ಕೆಳಗೆ ಕೊಳವೆಯೊಂದು ಇಳಿದು ಚೀಲಕ್ಕೆ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಒಂದು ಬೆಳಿಗ್ಗೆ ಆ ಹಾಸಿಗೆಯ ಮೇಲೆ ಹೊಸ ಹೊದಿಕೆ ಮಡಚಿಟ್ಟಿತ್ತು. ಬೇರೆ ವಾರ್ಡಿಗೆ ಹೋದರು ಎಂದು ನರ್ಸ್ ಹೇಳಿದಳು. ನಿಜವಾಗಿಯೂ ಹೋದರಾ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಕೆಲಸಕ್ಕೆ ಮರಳಿದ ಹೊಸದರಲ್ಲಿ ಅವರಿಬ್ಬರನ್ನು ಒಂದು ದೊಡ್ಡ ವಸತಿ ಕಟ್ಟಡಕ್ಕೆ ಹಾಕಿದರು. ಅಲ್ಲಿನ ಹಳೆಯ ಲಿಫ್ಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಸರಿಮಾಡುವ ಉದ್ದನೆಯ ಕೆಲಸ. ಮಧ್ಯಾಹ್ನ ನೆಲಮಾಳಿಗೆಯಲ್ಲಿ ಕೂತು ಬಾಮೈದ ಬನ್ನು ತಿನ್ನುತ್ತಿದ್ದ. ಅವನು ನೀರು ಹಿಡಿಯಲು ಎದ್ದುಹೋದಾಗ ಇವನ ಕೈ ತಾನಾಗಿ ಚಾಚಿ ಒಂದು ಚೂರು ಮುರಿಯಿತು. ಹಸಿವಿರಲಿಲ್ಲ, ಆಪರೇಷನ್ ಆದಮೇಲೆ ಹಸಿವು ಎಂಬುದೇ ಅವನಿಗೆ ಮರೆತುಹೋಗಿತ್ತು. ಬರೀ ಬಾಯಿಯ ಆಸೆ. ಬಾಮೈದ ಬರುವುದರೊಳಗೆ ಮುಗಿಸಬೇಕೆಂದು ಸರಿಯಾಗಿ ಅಗಿಯದೆ ನುಂಗಿದ.

ಅದು ಎದೆಗೂಡಿನ ಹಿಂದೆ ಬಂದು ನಿಂತಿತು. ಮೊದಲು ಬಿಗಿತ, ಆಮೇಲೆ ಒಳಗಿನಿಂದ ಯಾರೋ ಮೊಣಕೈ ಊರಿದ ಹಾಗೆ ನೋವು. ಬಾಯಿ ತುಂಬ ನೀರು ಬಂತು, ಅಂಟಂಟಾದ ನೊರೆ ನೀರು; ನುಂಗಿದರೆ ಇಳಿಯದೆ ಮತ್ತೆ ಮೇಲೇರುತ್ತಿತ್ತು. ಕುತ್ತಿಗೆ ಬೆವರಿತು. ಉಸಿರಿನ ದಾರಿ ಬೇರೆ, ಊಟದ ದಾರಿ ಬೇರೆ ಎಂದು ಗೊತ್ತಿದ್ದರೂ ಇಲ್ಲೇ ಮುಗಿಯಿತು ಅನ್ನಿಸಿತು. ಪೈಪುಗಳ ಹಿಂದೆ ಹೋಗಿ ಗೋಡೆ ಹಿಡಿದು ಬಗ್ಗಿದ. ಬಹಳ ಹೊತ್ತಿನ ಮೇಲೆ ಅದು ಹೊರಗೆ ಬಂತು. ಬೆರಳ ತುದಿಯಷ್ಟು ಬಿಳಿ ಮುದ್ದೆ. ಅದನ್ನೇ ನೋಡುತ್ತ ನಿಂತ. ಒಳಗೆ ಹೊಲಿಗೆ ಹರಿದಿದೆ, ನಾನೇ ಹರಿದೆ, ಇನ್ನು ಪರದೆಯ ಆಚೆ ನರಳುವ ಸರದಿ ನನ್ನದು ಎಂದುಕೊಂಡ.

ಯಾರಿಗೂ ಹೇಳಲಿಲ್ಲ. ಲಿಫ್ಟಿನವರಿಗೆ ಒಂದು ಅಭ್ಯಾಸವಿದೆ. ನಿಂತ ಲಿಫ್ಟಿಗೆ ಮೊದಲು ಮಾಡುವುದು ಕರೆಂಟು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡುವುದು. ಓಡಿತೋ, ಪೆಟ್ಟಿಗೆ ಮುಚ್ಚಿ ಮನೆಗೆ ಹೊರಡುವುದು. ಅವನು ತನ್ನ ಹೊಟ್ಟೆಗೂ ಹಾಗೇ ಮಾಡಿದ. ಒಂದಿಡೀ ದಿನ ಏನೂ ಮುಟ್ಟಲಿಲ್ಲ. ಮಾರನೆಯ ದಿನ ನೀರು ಗುಟುಕರಿಸಿದ, ಹೋಯಿತು. ಸೂಪು ಕುಡಿದ, ಅದೂ ಹೋಯಿತು. ಸರಿಹೋಯಿತು ಎಂದು ನಿಟ್ಟುಸಿರು ಬಿಟ್ಟ. ಕೆಲವು ದಿನಗಳಾದ ಮೇಲೆ ಬೇಯಿಸಿದ ಮೊಟ್ಟೆ ನಿಂತಿತು. ಮತ್ತೆ ಉಪವಾಸ, ಮತ್ತೆ ನೀರಿನಿಂದ ಶುರು. ಆಮೇಲೆ ಕಿವುಚಿದ ಆಲೂಗಡ್ಡೆ ನಿಂತಿತು. ಆಮೇಲೆ ಗಂಜಿ. ಪ್ರತಿ ಸಲ ಒಂದೊಂದು ಮೆಟ್ಟಿಲು ಕೆಳಗೆ ಬರುತ್ತಿದ್ದೇನೆ ಎಂಬುದು ಅವನಿಗೆ ಕಾಣದೆ ಇರಲಿಲ್ಲ. ಒಂದೇ ಲಿಫ್ಟ್ ಮೇಲಿಂದ ಮೇಲೆ ನಿಲ್ಲುತ್ತಿದ್ದರೆ ಕರೆಂಟಿನ ಆಟ ಆಡಬೇಡ, ಬಿಚ್ಚಿ ನೋಡು ಎಂದು ಬಾಮೈದನಿಗೆ ಕಲಿಸಿದವನು ಅವನೇ. ಆದರೆ ಬಿಚ್ಚಿ ನೋಡುವುದು ಎಂಬ ಮಾತೇ ಈಗ ಅವನ ಬೆನ್ನಲ್ಲಿ ಚಳಿ ಹುಟ್ಟಿಸುತ್ತಿತ್ತು.

ಬಚ್ಚಿಡುವುದು ಕಷ್ಟವಾಗಲಿಲ್ಲ. ಬೇರೆಯವರು ಹೀಗೆ ಇಳಿದುಹೋದರೆ ಜನ ಗಾಬರಿಯಾಗಿ ಏನು ಕಾಯಿಲೆ ಎಂದು ಕೇಳುತ್ತಾರೆ. ಇವನಿಗೆ ಕೈ ಕುಲುಕಿದರು. ಪ್ಯಾಂಟು ಜಾರಿದಷ್ಟೂ ಹೊಗಳಿಕೆ. ಸೂಪರ್‌ವೈಸರ್ ಬೆನ್ನು ತಟ್ಟಿದ. ಇನ್ನು ನಿಮ್ಮನ್ನು ಒಂದೂವರೆ ಆಳು ಅಂತ ಕರೀಬೇಕು ಎಂದು ಬಾಮೈದ ನಕ್ಕ. ಊಟದ ಮೇಡಂ ಒಮ್ಮೆ ತಾವೇ ಫೋನ್ ಮಾಡಿ ಕೇಳಿದಾಗ, ಎಲ್ಲ ಸಲೀಸಾಗಿ ಇಳಿಯುತ್ತಿದೆ ಎಂದ. ಪರೀಕ್ಷೆಗೆ ಬರಬೇಕಾದ ದಿನ ಕೆಲಸದ ನೆಪ ಹೇಳಿ ಮುಂದೆ ಹಾಕಿದ.

ಹೆಂಡತಿ ಬೆಳಿಗ್ಗೆ ಇಸ್ತ್ರಿಗೆ ಹೊರಡುವ ಮೊದಲು ಅವನಿಗೆಂದು ಚಿಕ್ಕ ಡಬ್ಬಿಯಲ್ಲಿ ಮೆತ್ತಗಿನದ್ದು ಏನಾದರೂ ಕಟ್ಟಿಕೊಡುತ್ತಿದ್ದಳು. ಚಿಕ್ಕದಾಗಿ ಹೆಚ್ಚಿದ ಮೊಟ್ಟೆ, ಎಳೆ ಎಳೆಯಾಗಿ ಬಿಡಿಸಿದ ಮೀನು, ಕೆನೆ ತೆಗೆದ ಮೊಸರು. ಬೇಡವೆಂದ ಆಪರೇಷನ್ನಿಗೆ ಅವಳೇ ಹೀಗೆ ಮನಸ್ಸಿಟ್ಟು ದುಡಿಯುತ್ತಿದ್ದಳು. ಡಬ್ಬಿ ಸಂಜೆ ಖಾಲಿಯಾಗಿ, ತೊಳೆದು ವಾಪಸ್ಸು ಬರುತ್ತಿತ್ತು. ನೋಡಿ ಅವಳ ಮುಖ ಅರಳುತ್ತಿತ್ತು. ಅದರಲ್ಲಿದ್ದದ್ದನ್ನು ತಿನ್ನುತ್ತಿದ್ದದ್ದು ಆ ಕಟ್ಟಡದ ಕಾವಲುಗಾರನ ನಾಯಿ. ಹಿಂಬದಿಯ ಮೆಟ್ಟಿಲ ಕೆಳಗೆ ಅದು ಇವನನ್ನು ಕಾಯುತ್ತಿತ್ತು. ಒಂದು ದಿನ ಕಾವಲುಗಾರ ಗೇಟಿನಲ್ಲಿ ತಡೆದು ಹೇಳಿದ:

"ಅಣ್ಣಾ, ನೀವು ಇಳಿಸಿದ ತೂಕ ಎಲ್ಲ ಹುಡುಕ್ಕೊಂಡು ಬಂದು ನನ್ನ ನಾಯಿಗೆ ಸೇರ್ತಾ ಇದೆ."

ಅವನು ನಕ್ಕ. ನಗುತ್ತಲೇ ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿದ.

ದಿನ ಹೋದಂತೆ ನೀರೂ ಅರ್ಧ ಉಳಿದು ಅರ್ಧ ಹಿಂದಿರುಗತೊಡಗಿತು. ಅಂಗಾಲಿನಲ್ಲಿ ಇರುವೆ ಹರಿದ ಹಾಗೆ. ಓಣಿಯಲ್ಲಿ ನಡೆಯುವಾಗ ಗೋಡೆ ತಾನಾಗಿ ಹತ್ತಿರ ಬಂದು ಭುಜಕ್ಕೆ ತಾಗುತ್ತಿತ್ತು. ಸ್ಕ್ರೂ ತೆಗೆಯಲು ಹೋದರೆ ಒಂದರ ಪಕ್ಕ ಇನ್ನೊಂದು ಕಾಣುತ್ತಿತ್ತು. ಕಣ್ಣುಜ್ಜಿಕೊಂಡು, ಕನ್ನಡಕ ಬಂತು ಎಂದುಕೊಳ್ಳುತ್ತಿದ್ದ. ಮನೆಯಲ್ಲಿ ಅಡುಗೆಮನೆಯಿಂದ ಚಮಚದ ಸದ್ದು ಬಂದರೆ ಬಚ್ಚಲಿಗೆ ಹೋಗಿ ಕೂತುಬಿಡುತ್ತಿದ್ದ. ಒಂದು ಕಾಲಕ್ಕೆ ತಟ್ಟೆ ಕಂಡರೆ ಕಣ್ಣು ಹೊಳೆಯುತ್ತಿದ್ದ ಮನುಷ್ಯ ಈಗ ಒಂದು ಚಮಚ ಗಂಜಿಯನ್ನು ಹಾವು ನೋಡಿದ ಹಾಗೆ ನೋಡುತ್ತಿದ್ದ.

ಲಿಫ್ಟ್ ಮೇಲೆ ಕೆಳಗೆ ಓಡಾಡುವ ಉದ್ದನೆಯ ಗೂಡನ್ನು ಅವರು ಬಾವಿ ಎನ್ನುತ್ತಾರೆ. ಅವತ್ತು ಅವನು ಲಿಫ್ಟಿನ ನೆತ್ತಿಯ ಮೇಲೆ ನಿಂತು ಬಾವಿಯ ಗೋಡೆಯ ಕಂಬಿಗಳನ್ನು ಒರೆಸುತ್ತಿದ್ದ. ಲಿಫ್ಟ್ ಓಡಿಸಲು ನೆತ್ತಿಯ ಮೇಲಿರಬೇಕಾದ ಗುಂಡಿಗಳನ್ನು ಬದಲಿಸಲೆಂದು ಬಿಚ್ಚಿದ್ದರು; ಆದ್ದರಿಂದ ಬಾಮೈದ ಮೇಲೆ ಮೋಟರ್ ರೂಮಿನಲ್ಲಿ ಕೂತು, ಇವನು ವಾಕಿಟಾಕಿಯಲ್ಲಿ ಹೇಳಿದ ಹಾಗೆ ಓಡಿಸಬೇಕು. ಅದಕ್ಕೊಂದು ಕ್ರಮ. ನೆತ್ತಿಯ ಮೇಲಿದ್ದವನು ಒಂದಡಿ ಕೆಳಗೆ ಎಂದರೆ ಮೇಲಿದ್ದವನು ಅದೇ ಮಾತನ್ನು ತಿರುಗಿ ಹೇಳಬೇಕು. ಕೇಳಿಸಿಕೊಂಡು ಇವನು ಬಿಡು ಅನ್ನಬೇಕು. ಬಿಡು ಎನ್ನುವ ತನಕ ಗುಂಡಿ ಒತ್ತುವ ಹಾಗಿಲ್ಲ. ಅವರ ಕೆಲಸದಲ್ಲಿ ಜೀವ ಇರುವುದು ಈ ಮೂರು ಮಾತಿನಲ್ಲಿ.

ಬೆಳಿಗ್ಗೆ ಹೆಂಡತಿಯ ಎದುರು ಕುಡಿದ ಅರ್ಧ ಲೋಟ ಸೂಪು ಇನ್ನೂ ಎದೆಯಲ್ಲೇ ಇತ್ತು. ಕಂಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ ಬಿಗಿತ ಹೆಚ್ಚಿತು. ಬಾಯಿಗೆ ನೊರೆ ಬರಲಾರಂಭಿಸಿತು. ಇಲ್ಲಿ ಬೇಡ, ಕೆಳಗಿಳಿದು ಬಾಗಿಲ ಹತ್ತಿರ ಹೋಗಿಬಿಡೋಣ ಎಂದುಕೊಂಡ. ತಲೆಯ ಮೇಲೆ ಒಂದು ಮೊಳದ ಅಂತರದಲ್ಲಿ ಕಾಂಕ್ರೀಟಿನ ತೊಲೆ. ನೋಡುನೋಡುತ್ತಿದ್ದಂತೆ ತೊಲೆ ಎರಡಾಯಿತು. ಒಂದರ ಮೇಲೊಂದು ಜಾರುತ್ತಿದ್ದವು. ಯಾವುದು ನಿಜದ್ದು ಎಂದು ತಿಳಿಯಲಿಲ್ಲ. ಗೂಡಿನ ಕತ್ತಲು ಕೆಳಗೆ ತಿರುಗಿದಂತಾಯಿತು. ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ಒಂದು ಕ್ಷಣ ಕಲಸಿಹೋಯಿತು. ವಾಕಿಟಾಕಿ ಬಾಯಿಗೆ ಹಿಡಿದು ಹೇಳಿದ:

"ಎರಡಡಿ ಮೇಲೆ."

"ಎರಡಡಿ ಮೇಲೆ," ಎಂದ ಬಾಮೈದ. ಅವನ ದನಿಯಲ್ಲಿ ಸಣ್ಣ ಅನುಮಾನವಿತ್ತು. ಮೇಲಿನ ಕೆಲಸ ಮುಗಿದಿತ್ತಲ್ಲ.

ಇನ್ನು ಬಿಡು ಅನ್ನಬೇಕು. ತುಟಿ ತೆರೆದ. ಮಾತಿನ ಬದಲು ನೊರೆ ಬಂತು. ವಾಕಿಟಾಕಿ ಕೈಜಾರಿ ಸೊಂಟಕ್ಕೆ ಕಟ್ಟಿದ್ದ ಹಗ್ಗದಲ್ಲಿ ತೂಗಾಡಿತು. ಅದರೊಳಗಿನಿಂದ ಭಾವ, ಭಾವ ಎಂಬ ದನಿ ಬಾವಿಯ ತುಂಬ ಗುಂಯ್‌ಗುಟ್ಟುತ್ತಿತ್ತು. ಅವನು ಲಿಫ್ಟಿನ ಮೇಲಿನ ಕಬ್ಬಿಣದ ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕುಸಿದು ಕೂತ. ಒಂದು ಮಾತು ಬಾಯಿಂದ ಬಂದಿದ್ದರೆ ತೊಲೆ ಅವನ ತಲೆಯನ್ನು ಹುಡುಕಿಕೊಂಡು ಬರುತ್ತಿತ್ತು. ತಿಂಗಳಿಂದ ಅವನನ್ನು ಹೆದರಿಸುತ್ತಿದ್ದ ನೊರೆಯೇ ಅವತ್ತು ಅವನನ್ನು ಉಳಿಸಿತು.

ಉತ್ತರ ಬಾರದಿದ್ದಾಗ ಬಾಮೈದ ಗುಂಡಿಯಿಂದ ಕೈ ತೆಗೆದ. ಕರೆಂಟು ಕಿತ್ತು, ಬೀಗ ಹಾಕಿ, ಮೆಟ್ಟಿಲಿಳಿದು ಓಡಿಬಂದು ಆ ಮಹಡಿಯ ಬಾಗಿಲನ್ನು ಕೀಲಿಯಿಂದ ತೆರೆದ. ಎದುರಿಗೆ ಭಾವ ಪಟ್ಟಿ ತಬ್ಬಿಕೊಂಡು ಕೂತಿದ್ದ; ಗಲ್ಲದ ಮೇಲೆ ನೊರೆ, ಮುಖ ಬೂದಿ ಬಣ್ಣ. ಕಣ್ಣುಗಳು ಬಾಮೈದನ ಮೇಲೆ ನಿಲ್ಲದೆ ಅವನ ಪಕ್ಕಕ್ಕೆ ಹೋಗಿ, ಮತ್ತೆ ಅವನತ್ತ ಬಂದು, ಮತ್ತೆ ಪಕ್ಕಕ್ಕೆ ಸರಿದವು. ಆಮೇಲೆ ಸಿಟ್ಟಿನಿಂದ ಕೇಳಿದ:

"ಇಬ್ಬರೂ ಇಲ್ಲಿಗೇ ಬಂದ್ರೆ ಮೋಟರ್ ರೂಮಲ್ಲಿ ಯಾರಿದ್ದಾರೆ?"

ಬಾಮೈದ ಹಿಂತಿರುಗಿ ನೋಡಿದ. ಓಣಿ ಖಾಲಿಯಿತ್ತು.

"ಭಾವ, ನಾನೊಬ್ಬನೇ ಇರೋದು," ಎಂದ.

ಇಸ್ತ್ರಿ ಪೆಟ್ಟಿಗೆ ಬಿಟ್ಟು ಓಡಿಬಂದ ಹೆಂಡತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವರನ್ನು ಕೂಡಿಕೊಂಡಳು. ಅವಳ ಮೈಯಿಂದ ಇನ್ನೂ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಅಲ್ಲಿದ್ದ ಡಾಕ್ಟರಮ್ಮ ಅವನ ಕಣ್ಣಿಗೆ ಟಾರ್ಚು ಬಿಟ್ಟು, ಬೆರಳು ಆಡಿಸಿ, ಎಷ್ಟು ಬೆರಳು ಎಂದು ಕೇಳಿದರು. ಅವನು ಯೋಚಿಸಿ ಉತ್ತರ ಹೇಳಿದ, ಉತ್ತರ ತಪ್ಪಾಗಿತ್ತು. ಊಟ ತಿಂಡಿ ಸರಿಯಾಗಿ ಹೋಗುತ್ತಿದೆಯಾ ಎಂದರು. ಹೋಗುತ್ತಿದೆ ಎಂದ. ಕೊಟ್ಟದ್ದೆಲ್ಲ ತಿನ್ನುತ್ತಾರೆ, ಡಬ್ಬಿ ದಿನಾ ಖಾಲಿ ಬರುತ್ತದೆ ಎಂದು ಹೆಂಡತಿ ಸಾಕ್ಷಿ ಹೇಳಿದಳು. ಹಾಗಾದರೆ ತಲೆಯಲ್ಲೇ ಏನೋ ಆಗಿರಬಹುದು, ಮೊದಲು ಅದನ್ನು ನೋಡಬೇಕು ಎಂದು ಡಾಕ್ಟರಮ್ಮ ನರ್ಸಿಗೆ ಹೇಳತೊಡಗಿದರು.

ಅವನು ಹೆಂಡತಿಯ ಕಡೆ ನೋಡಿದ. ಇಬ್ಬರು ಹೆಂಡತಿಯರು ಒಬ್ಬರ ಹೆಗಲಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಇಬ್ಬರ ಮುಖದಲ್ಲೂ ಒಂದೇ ಗಾಬರಿ, ಒಂದೇ ನಂಬಿಕೆ. ತಾನು ಹೇಳಿದ ಸುಳ್ಳನ್ನು ಅವಳು ತನ್ನ ಬಾಯಿಂದ ನಿಜ ಎಂದು ಹೇಳುತ್ತಿದ್ದಳು. ಹೇಳಿದರೆ ಕೊಯ್ಯುತ್ತಾರೆ. ಹೇಳದಿದ್ದರೆ ಈ ಮುಖವೇ ಇನ್ನು ಸರಿಯಾಗಿ ಕಾಣಿಸದೆ ಹೋಗಬಹುದು. ಅವನಿಗೆ ಎರಡನೆಯ ಹೆದರಿಕೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಂಡಿತು.

"ಏನೂ ಇಳೀತಿಲ್ಲ," ಎಂದ. "ತುಂಬ ದಿನದಿಂದ."

ಹೆಂಡತಿ ಹಾಸಿಗೆಯ ಅಂಚಿಗೆ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ನೀರು?"

"ಅರ್ಧ ವಾಪಸ್ಸು ಬರುತ್ತೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಎಲ್ಲವೂ ಚುರುಕಾಯಿತು. ಮೊದಲು ವಿಟಮಿನ್ನಿನ ಸೂಜಿ, ಆಮೇಲೆಯೇ ಗ್ಲೂಕೋಸ್ ಎಂದು ಒತ್ತಿ ಒತ್ತಿ ಹೇಳಿದರು. ಹೊಟ್ಟೆಗೆ ಏನೂ ಸೇರದೆ ನರಗಳಿಗೆ ಬೇಕಾದ ಸತ್ವ ಮುಗಿದಿದೆ, ಕಣ್ಣು ಎರಡೆರಡು ತೋರಿಸುತ್ತಿರುವುದು ಅದಕ್ಕೇ ಇರಬೇಕು, ಇನ್ನೂ ತಡವಾಗಿದ್ದರೆ ಬುದ್ಧಿಗೂ ಬರುತ್ತಿತ್ತು ಎಂದರು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಬಂದರು. ಬನ್ನಿನ ಕಥೆ ಅವನು ತಡವರಿಸಿ ಹೇಳಿದ. ಅವರು ಬೈಯಲಿಲ್ಲ. ಬನ್ನು ತಿಂದದ್ದು ತಪ್ಪೇ, ಆದರೆ ಬನ್ನು ಏನನ್ನೂ ಹರಿದಿಲ್ಲ. ಹೊಲಿದ ಜಾಗ ಮಾಗುವಾಗ ಕೆಲವರಿಗೆ ಬಿಗಿದುಕೊಂಡು ಕಿರಿದಾಗುತ್ತದೆ, ನಿಮಗೂ ಹಾಗೇ ಆಗಿರುವಂತಿದೆ ಎಂದರು. ಬಾಯಿಂದ ಕೊಳವೆ ಇಳಿಸಿ, ಅದರ ತುದಿಯ ಪುಟ್ಟ ಬಲೂನು ಉಬ್ಬಿಸಿ ಆ ಜಾಗ ಹಿಗ್ಗಿಸಬಹುದು. ಚಾಕು ಬೇಕಾಗುತ್ತದಾ ಎಂದು ಕೇಳಿದ. ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದರು. ಸಾಮಾನ್ಯವಾಗಿ ಎಂಬ ಮಾತು ಅವನ ಕಿವಿಯಲ್ಲೇ ಉಳಿಯಿತು.

ಸೂಜಿಗಳು ಬಿದ್ದಂತೆ ಎರಡು ಲೋಕ ನಿಧಾನಕ್ಕೆ ಒಂದಾಗುತ್ತ ಬಂದವು. ಬಲೂನಿನ ಕೆಲಸವೂ ಆಯಿತು. ಅವನು ಸ್ವಲ್ಪ ಚೇತರಿಸಿಕೊಂಡು ದಿಂಬಿಗೆ ಒರಗಿ ಕೂತ ಮಧ್ಯಾಹ್ನ, ಹೆಂಡತಿ ಕುರ್ಚಿ ಹತ್ತಿರ ಎಳೆದುಕೊಂಡಳು.

"ಡಬ್ಬಿಯಲ್ಲಿ ಇದ್ದಿದ್ದು ಯಾರು ತಿಂತಿದ್ರು?"

"ನಾಯಿ."

ಅವಳು ಅವನ ಹೊದಿಕೆಯ ಸುಕ್ಕು ಸರಿಮಾಡಿದಳು.

"ಉಪ್ಪು ಸರಿಯಿತ್ತಂತಾ?"

ಬಾಮೈದ ನಗು ತಡೆಯಲಾರದೆ ಬಾಗಿಲಾಚೆ ಹೋದ. ಅವಳು ನಗಲಿಲ್ಲ. ನನ್ನ ಜೀವ ಅಂದ್ರಲ್ಲ ಅವತ್ತು, ಮೊನ್ನೆ ಡಾಕ್ಟರಮ್ಮ ನನ್ನ ಮುಖ ನೋಡಿದಾಗ ನನ್ನ ಜೀವ ಎಲ್ಲಿತ್ತು ಗೊತ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಹೋಗಿ ನೀರು ತಂದಳು. ಒಂದು ಗುಟುಕು ಕುಡಿಸಿ, ಅದು ಇಳಿಯುವ ತನಕ ಅವನ ಗಂಟಲನ್ನೇ ನೋಡುತ್ತ ನಿಂತಳು.

ಮನೆಗೆ ಬಂದ ಮೇಲೆ ದಾರಿ ತೆರೆದಿತ್ತು, ಆದರೆ ಅವನು ತೆರೆದುಕೊಳ್ಳಲಿಲ್ಲ. ಗಂಜಿಯ ಚಮಚ ತುಟಿಯ ಹತ್ತಿರ ಬಂದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದವು. ಒಳಗೆ ಹೋದದ್ದನ್ನು ನೀರಾಗುವ ತನಕ ಅಗಿಯುತ್ತಿದ್ದ; ಅಗಿದು ಮುಗಿದ ಮೇಲೂ ನುಂಗಲು ಧೈರ್ಯ ಬಾರದೆ ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಊಟದ ಮೇಡಂ ಹೇಳಿದ ಹಾಗೆ ಹೆಂಡತಿ ಮಗುವಿನ ಚಮಚ ತಂದಳು. ಬಟಾಣಿಯಷ್ಟು ತುತ್ತು, ನುಂಗಿದ ಮೇಲೆ ಚಮಚ ಕೆಳಗಿಡಬೇಕು, ಎದೆ ಸಡಿಲವಾಗಿದೆ ಅನ್ನಿಸಿದ ಮೇಲೆಯೇ ಮುಂದಿನದು, ಊಟದ ಜೊತೆ ನೀರು ಬೇಡ. ಬಾಮೈದ ಸಂಜೆ ಬಂದು ಎದುರು ಕೂರುತ್ತಿದ್ದ. ಭಾವ ಇಷ್ಟು ಹೊತ್ತು ತಟ್ಟೆ ಮುಂದೆ ಕೂತಿರ್ತಾರೆ ಅಂದ್ರೆ ಯಾರಾದ್ರೂ ನೋಡಿದವರು ಈಗ ಡಬಲ್ ತಿಂತಾರೆ ಅಂತಾರೆ ಎನ್ನುತ್ತಿದ್ದ. ಆ ಮಾತಿಗೆ ನಗು ಬಂದು, ನಗುವಿನಲ್ಲಿ ತುತ್ತು ಎಲ್ಲಿ ನಿಲ್ಲುತ್ತದೋ ಎಂದು ಹೆದರಿ, ಅವನು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡುತ್ತಿದ್ದ.

ಗಂಜಿ ಇಳಿಯಿತು. ಕಿವುಚಿದ ಬಾಳೆಹಣ್ಣು ಇಳಿಯಿತು. ಒಂದು ದಿನ ಕದಡಿ ಬೇಯಿಸಿದ ಮೆತ್ತನೆಯ ಮೊಟ್ಟೆಯೂ ಇಳಿಯಿತು. ಅವನಿಗೆ ಖುಷಿಯಾಗಲಿಲ್ಲ, ಪ್ರತಿ ಸಲವೂ ಇದು ಹೋಯಿತು, ಮುಂದಿನದು ನಿಲ್ಲುತ್ತದೆ ಎಂದೇ ಅನ್ನಿಸುತ್ತಿತ್ತು.

ಹಾಗೇ ಆಯಿತು. ರಜೆಯ ದಿನ, ಮಧ್ಯಾಹ್ನ. ಮೂವರೂ ಊಟಕ್ಕೆ ಕೂತಿದ್ದರು. ಬಿಡಿಸಿದ ಮೀನಿನ ಎರಡನೆಯ ಚಮಚ. ಚೆನ್ನಾಗಿ ಅಗಿದಿದ್ದ, ಚಮಚ ಕೆಳಗಿಟ್ಟಿದ್ದ, ಯಾವ ತಪ್ಪೂ ಮಾಡಿರಲಿಲ್ಲ. ಆದರೂ ಎದೆಯ ಹಿಂದೆ ಆ ಮೊಣಕೈ ಊರತೊಡಗಿತು. ಬಾಯಲ್ಲಿ ನೀರು. ಹೆಂಡತಿ ಅಂಗಡಿಯ ಯಾವುದೋ ಗಿರಾಕಿಯ ವಿಷಯ ಹೇಳುತ್ತಿದ್ದಳು, ಬಾಮೈದ ನಗುತ್ತಿದ್ದ. ಅವರ ನಗುವಿನ ಮರೆಯಲ್ಲಿ ಎದ್ದು ಹೋಗಿಬಿಡಬಹುದಿತ್ತು. ಅವನ ಕಾಲುಗಳು ಆಗಲೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ್ದವು. ಹಿಗ್ಗಿಸಿದರೂ ಆಗಲಿಲ್ಲ ಅಂದರೆ ಇನ್ನು ಉಳಿದದ್ದು ಚಾಕು ಮಾತ್ರ ಎಂಬ ಯೋಚನೆ ಬಂತು. ಹೇಳದಿದ್ದರೆ ಇನ್ನೂ ಕೆಲವು ದಿನ ನೆಮ್ಮದಿ.

ನೆಮ್ಮದಿ ಎಂದರೆ ಏನಾಗಿತ್ತು ಎಂದು ಅವನಿಗೆ ಗೊತ್ತಿತ್ತು. ಕುರ್ಚಿ ಬಿಡಲಿಲ್ಲ.

"ನಿಂತಿದೆ," ಎಂದ.

ಹೆಂಡತಿಯ ಮಾತು ಅರ್ಧಕ್ಕೆ ನಿಂತಿತು. ಅವಳು ಕೂಗಾಡಲಿಲ್ಲ. ತನ್ನ ತಟ್ಟೆ ಸರಿಸಿ, ಬೋಗುಣಿ ತಂದು ಅವನ ಮುಂದಿಟ್ಟಳು. ಬೆನ್ನು ಗುದ್ದಲು ಹೋದ ತಮ್ಮನ ಕೈ ಹಿಡಿದು ಕೂರಿಸಿದಳು. ಅವನು ಅವರಿಬ್ಬರ ಎದುರಿಗೇ ಬಗ್ಗಿದ. ನೊರೆ ಎಳೆ ಎಳೆಯಾಗಿ ಬಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾರೂ ಮುಖ ತಿರುಗಿಸಲಿಲ್ಲ. ಕೊನೆಗೆ ಮೀನಿನ ಚೂರು ಹೊರಬಿದ್ದಾಗ ಬಾಮೈದ ಅವನ ಕೈಗೆ ಬಟ್ಟೆ ಕೊಟ್ಟ.

ಹೆಂಡತಿ ಊಟದ ಮೇಡಂಗೆ ಫೋನ್ ಮಾಡಿದಳು. ಕೆಲವರಿಗೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಎರಡು ಮೂರು ಸಲ ಹಿಗ್ಗಿಸಬೇಕಾಗುತ್ತದೆ, ಇವತ್ತು ಬರೀ ನೀರಿನಂಥದ್ದು ಗುಟುಕು ಗುಟುಕಾಗಿ ಕೊಡಿ, ನೀರೂ ನಿಂತರೆ ಕೂಡಲೇ ಹೊರಡಿ, ಇಲ್ಲವೆಂದರೆ ಬೆಳಿಗ್ಗೆ ಏನೂ ಕುಡಿಯದೆ ಬನ್ನಿ ಎಂದರು. ಅವನು ಫೋನ್ ಕಸಿದುಕೊಂಡು ಕೇಳಿದ:

"ಮೇಡಂ, ಕೊಯ್ಯಲ್ಲ ಅಂತ ಮಾತು ಕೊಡ್ತೀರಾ?"

"ಮಾತು ಕೊಡೋಕೆ ನನ್ನಿಂದ ಆಗಲ್ಲ ಅಣ್ಣ. ಆದರೆ ಹೋದ ಸಲ ನೀವು ಬಂದಿದ್ದು ತುಂಬ ತಡವಾಗಿ. ಈ ಸಲ ಊಟದ ತಟ್ಟೆ ಮುಂದಿನಿಂದಲೇ ಫೋನ್ ಮಾಡಿದ್ದೀರಿ. ಅದು ದೊಡ್ಡ ವ್ಯತ್ಯಾಸ."

ಮಾರನೆಯ ಬೆಳಿಗ್ಗೆ ಅವನು ಮತ್ತೆ ಬಲೂನು ಹಾಕಿದ ಕೋಣೆಯ ಕಿರಿದಾದ ಹಾಸಿಗೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದ. ಬಾಗಿಲಾಚೆ ಹೆಂಡತಿ ಮತ್ತು ಬಾಮೈದ ಬೆಂಚಿನ ಮೇಲೆ ಕೂತಿದ್ದರು. ಕಪ್ಪು ಕೊಳವೆ ಗೂಟಕ್ಕೆ ತೂಗುಹಾಕಿತ್ತು. ನರ್ಸ್ ಕೈಗೆ ಸೂಜಿ ಕಟ್ಟುತ್ತ, ಕೊನೆಗೆ ತಿಂದದ್ದು ಯಾವಾಗ ಎಂದು ಕೇಳಿದಳು. ನಿನ್ನೆ ಮಧ್ಯಾಹ್ನ ಮೀನು ಎರಡು ಚಮಚ, ಮೊದಲನೆಯದು ಹೋಯಿತು, ಎರಡನೆಯದು ನಿಂತಿತು, ಆಮೇಲೆ ಮಲಗುವ ತನಕ ಬರೀ ನೀರು, ಅದು ಉಳಿಯಿತು ಎಂದು ಒಂದೂ ಬಿಡದೆ ಹೇಳಿದ. ಅವಳು ಸೂಜಿಯ ಮೇಲೆ ಪಟ್ಟಿ ಅಂಟಿಸಿ ಅವನ ಮುಖ ನೋಡಿದಳು.

"ಭಯ ಆಗ್ತಿದೆಯಾ?"

"ತುಂಬ," ಎಂದ.

ಹಲ್ಲಿನ ನಡುವೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಬಳೆಯನ್ನು ಅವಳು ತುಟಿಯ ಹತ್ತಿರ ತಂದಳು. ಅವನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ.